ಊಟಕ್ಕೆ ಕರೆದ ದನಿ

ದೇವರು, ದೆವ್ವ, ಶಕುನ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೀಯಾ ಎಂದು ಕೇಳಿದರೆ ಹೂಂ ಎನ್ನಲೂ ಆಗದು, ಉಹೂಂ ಎನ್ನಲೂ ಆಗದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಕರೆಂಟ್ ಕಂಬ ನೆಟ್ಟು ತಂತಿ ಎಳೆಯುವ ಕಂಟ್ರಾಕ್ಟ್ ಕೆಲಸದಲ್ಲಿದ್ದೆ. ಪಿರಿಯಾಪಟ್ಟಣದ ಕಡೆ ಕೆಲವು ದಿನ, ಹುಣಸೂರಿನ ಕಡೆ ಕೆಲವು ದಿನ. ಶಾಲೆಯ ಜಗಲಿಯಲ್ಲೋ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮಗ್ಗುಲಲ್ಲೋ ಮಲಗುವುದು. ಜೊತೆಗೆ ಚುಂಚನಕಟ್ಟೆ ಕಡೆಯ ಜವರಣ್ಣ. ನನಗಿಂತ ದೊಡ್ಡವನು, ಒಡಹುಟ್ಟಿದವನ ಹಾಗೆ ನೋಡಿಕೊಳ್ಳುತ್ತಿದ್ದ. ಹತ್ತುವ ಮೊದಲು ಪ್ರತಿ ಕಂಬವನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವನ ರೂಢಿ. ಸಿಮೆಂಟಿನ ಕಂಬಕ್ಕೇನು ಕೈ ಮುಗಿಯುವುದು ಎಂದು ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ, ಮುಟ್ಟುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಅಂತರಸಂತೆಯ ಆಚೆ, ಕಾಡಂಚಿನ ಒಂದು ಗಿರಿಜನರ ಹಾಡಿಗೆ ಲೈನ್ ಎಳೆಯುತ್ತಿದ್ದೆವು. ಕೆರೆಯ ಈ ದಡದ ಕಂಬದ ಮೇಲೆ ನಾನು, ಆ ದಡದ ಕಂಬದ ಮೇಲೆ ಜವರಣ್ಣ. ಬಿಸಿಲೇರುತ್ತಿತ್ತು, ಗಾಳಿ ಜೋರಾಗಿತ್ತು. ಆಗ ನನ್ನ ಕಂಬದ ಬುಡದಿಂದಲೇ ಅವನ ದನಿ ಕೇಳಿಸಿತು.

"ಊಟಕ್ಕೆ ಬಾರ್ಲಾ, ಇಟ್ಟು ಆರೋಯ್ತದೆ."

ಊಟದ ಹೊತ್ತಾಗಿರಲಿಲ್ಲ. ಇವನ್ಯಾಕೆ ಇಷ್ಟು ಬೇಗ ಇಳಿದು ಬಂದ ಎಂದು ಗೊಣಗುತ್ತಾ ಇಳಿದೆ. ಬುಡದಲ್ಲಿ ಯಾರೂ ಇಲ್ಲ. ತಲೆಯೆತ್ತಿ ಕೆರೆಯಾಚೆ ನೋಡಿದರೆ ಜವರಣ್ಣ ಇನ್ನೂ ಕಂಬದ ಮೇಲೆಯೇ ಇದ್ದಾನೆ. ನೋಡುತ್ತಿದ್ದಂತೆಯೇ ಅವನ ಮೈ ಒಮ್ಮೆ ಸೆಟೆದು ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ಜೋತುಬಿತ್ತು. ಅದುವರೆಗೆ ನಾನು ಹಿಡಿದಿದ್ದುದೂ ಅದೇ ತಂತಿಯನ್ನೇ. ಆಫ್ ಮಾಡಿಸಿದ್ದ ಲೈನಿಗೆ ಕರೆಂಟ್ ಎಲ್ಲಿಂದ ಬಂತೆಂದು ಕೊನೆಗೂ ತಿಳಿಯಲಿಲ್ಲ.

ಅವನ ಕಂಬದ ಕೆಳಗಿದ್ದವರನ್ನು ಆಮೇಲೆ ಮತ್ತೆ ಮತ್ತೆ ಕೇಳಿದೆ. ಅವನು ಮಾತೇ ಆಡಿರಲಿಲ್ಲವಂತೆ. ಆಡುವ ಹಾಗೂ ಇರಲಿಲ್ಲ. ಬಿಗಿಯಬೇಕಿದ್ದ ತುಂಡು ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಕೆಳಗಿಳಿಸಿದಾಗ ನಾನೇ ನೋಡಿದೆ, ಅದು ಹಲ್ಲಿನ ನಡುವೆಯೇ ಇತ್ತು.

ತಿಥಿಯ ದಿನ ಅವನ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಒಂದಿಷ್ಟು ಸಮಾಧಾನವಾದೀತು ಅಂದುಕೊಂಡೆನೋ ಏನೋ. ಅತ್ತಿಗೆ ಮೆಲ್ಲಗೆ ಹೇಳಿದರು.

"ಅವತ್ತು ಸೋಮಾರ ಕಣಪ್ಪ. ಬೈಗಾಗೋ ಗಂಟ ಅವ್ರು ಏನೂ ಬಾಯಿಗೆ ಆಕ್ತಿರ್ಲಿಲ್ಲ. ನಿನ್ನ ಊಟಕ್ಕೆ ಕರದು, ಅವ್ರು ಅಸ್ಕೊಂಡೇ ಓದ್ರು."

ಸೋಮವಾರಗಳಲ್ಲಿ ನನಗೆ ಬಡಿಸಿ ತಾನು ಬರೀ ನೀರು ಕುಡಿದು ಕೂರುತ್ತಿದ್ದುದು ನನಗೆ ಆಗಷ್ಟೇ ನೆನಪಾಯಿತು.

ದನಿ ಅವನದೇ ಆಗಿದ್ದರೆ, ಉಸಿರು ಇರುವಾಗಲೇ ಅದು ಅವನನ್ನು ಬಿಟ್ಟು ಕೆರೆ ದಾಟಿ ಬಂದದ್ದು ಹೇಗೆ? ದೇವರದಾಗಿದ್ದರೆ, ನಗುತ್ತಿದ್ದವನನ್ನು ಕರೆದು, ನಂಬಿದ್ದವನನ್ನು ಅಲ್ಲೇ ಯಾಕೆ ಬಿಟ್ಟಿತು? ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಬಸ್ಸಿನಲ್ಲಿ ಹೆಗ್ಗಡದೇವನಕೋಟೆಯ ಕಡೆ ಹೋಗುವಾಗ, ಆ ಲೈನಿನ ಕಂಬಗಳು ಕಂಡರೆ, ಈಗಲೂ ಒಮ್ಮೊಮ್ಮೆ ಕೈ ಮುಗಿಯಬೇಕೆನಿಸುತ್ತದೆ. ಯಾರಿಗೆ ಎಂದು ತಿಳಿಯುವುದಿಲ್ಲ.