ಪಿಂಗಾಣಿ ನಗರಗಳಿದ್ದ ಕೋಣೆ

ಜಮಖಂಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಪಿಂಗಾಣಿ ಶಿಲ್ಪಗಳನ್ನು ಕೂಡಿಡುತ್ತಿದ್ದೆ. ಎಲ್ಲವೂ ಈಗಿನ ಕಲಾವಿದರು ಮಾಡಿದ ಕಟ್ಟಡಗಳು, ಓಣಿಗಳು, ಮಹಡಿ ಮೇಲೆ ಮಹಡಿ ಏರಿದ ಬಿಳಿ ನಗರಗಳು. ರಜೆಯಲ್ಲಿ ಪುಣೆಯ ಪ್ರದರ್ಶನಗಳಿಗೆ ಹೋಗಿ, ಕೊಂಡದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ.

ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಬೀಳಗಿ ಕಡೆಯ ಹಳ್ಳಿಗಳನ್ನು ಖಾಲಿ ಮಾಡಿಸುತ್ತಿದ್ದ ವರ್ಷ, ನನ್ನ ಹೆಂಡತಿಯ ತಮ್ಮ ತನ್ನ ಮನೆಯ ತೇಗದ ಬಾಗಿಲುಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ.

"ಹೊಸ ಮನಿ ಕಟ್ಟೂತನಕ ಇಲ್ಲೆ ಇಡ್ಲೇನ್ರಿ ಮಾವಾರ?"

ನಾನು ಶಿಲ್ಪಗಳು ತುಂಬಿದ್ದ ಕಪಾಟುಗಳ ಕಡೆ ನೋಡಿದೆ. ಅವನಿಗೆ ತಿಳಿಯಿತು. "ಇರಲಿ ಬಿಡ್ರಿ, ತೇರದಾಳದಾಗ ಗೆಳ್ಯಾ ಅದಾನ," ಎಂದು ಚಹಾ ಕುಡಿದು ಹೊರಟುಹೋದ.

"ಅಂವಾ ಹುಟ್ಟಿದ ಮನೀನ ಬಿಚ್ಚಿ ತಂದಿದ್ದ. ನೀವು ಈ ಗೊಂಬಿ ಮನಿ ನೋಡಾಕತ್ತಿದ್ರಿ," ಎಂದಳು ಹೆಂಡತಿ.

ಮರುದಿನ ಶಿಲ್ಪಗಳನ್ನೆಲ್ಲ ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿಟ್ಟು, ಕೋಣೆ ತೆರವು ಮಾಡಿ, ತೇರದಾಳಕ್ಕೆ ಹೋದೆ. ಬಾಗಿಲುಗಳು ಆ ಗೆಳೆಯನ ದನದ ಕೊಟ್ಟಿಗೆಯಲ್ಲಿ ಒರಗಿದ್ದವು. ನಮ್ಮ ಮನೆಗೆ ಒಯ್ಯೋಣ ಎಂದು ಅಲ್ಲಿದ್ದ ಹೆಂಡತಿಯ ತಮ್ಮನಿಗೆ ಹೇಳಿದೆ.

"ಈಗ್ಯಾಕ್ರಿ? ಇಲ್ಲೇ ಛಲೋ ಅದಾವ," ಎಂದ, ನನ್ನ ಮುಖ ನೋಡದೆ.

ಮುಂದೆ ಅವನು ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಅಕ್ಕನನ್ನು ಕರೆಯಲು ಬಂದಾಗ, ನಾನು ಮನೆಯಲ್ಲಿರದ ಹೊತ್ತು ನೋಡಿಯೇ ಬಂದಿದ್ದ.