ಸಾಲು ಹಿಡಿದ ಕರಿಕೆ

ಹಸಿ ಮಣ್ಣಿನಿಂದ ಕರಿಕೆ ಹುಲ್ಲು ಕಿತ್ತಾಗ ಬೇರಿನ ಜೊತೆ ಒಂದು ವಾಸನೆ ಬರುತ್ತದೆ. ಹೂವಿನದಲ್ಲ, ಹಣ್ಣಿನದಲ್ಲ, ಎರೆಮಣ್ಣು, ಹಸಿ ಹುಲ್ಲು, ಸ್ವಲ್ಪ ಕೊಳೆತದ್ದು, ಎಲ್ಲ ಕೂಡಿದ ವಾಸನೆ. ಹೋದ ವಾರ ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಮೇಲೆ, ಮೊಮ್ಮಗಳು ಬಣ್ಣದ ಹಳೆ ಡಬ್ಬಿಯಲ್ಲಿ ಹಾಕಿದ ಕೊತ್ತಂಬರಿಯ ನಡುವೆ ಒಂದು ಎಳೆ ಕರಿಕೆ ಕಂಡಿತು. ಕೈ ಸುಮ್ಮನಿರಲಿಲ್ಲ, ಕಿತ್ತೆ. ಆ ವಾಸನೆ ಮೂಗಿಗೆ ಬಡಿಯಿತು. ಕಿತ್ತದ್ದನ್ನು ಎಸೆಯದೆ ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟೆ. ಮೊಮ್ಮಗಳು ಬಂದು, "ಅಮ್ಮಾ, ಅದನ್ಯಾಕ ಹಿಡಕೊಂಡ ಕುಂತಿ? ಒಗಿ ಅತ್ತಾಗ," ಅಂದಳು. ಒಗೆಯಲು ಆಗಲಿಲ್ಲ. ಯಾಕೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನೀವು ಸಣ್ಣವರಿದ್ದಾಗಲೂ ಇಂಥ ಒಂದು ಮನೆ, ಅದರ ಹಿಂದೆ ಒಂದು ಹಿತ್ತಲ, ಹಿತ್ತಲದಲ್ಲಿ ಒಬ್ಬ ಮುದುಕಿ ಇದ್ದಿರಬೇಕು. ಈಗ ಹುಡುಕಲು ಹೋದರೆ ಸಿಗುವುದಿಲ್ಲ.

ನಮ್ಮೂರು ಸವದತ್ತಿ ಕಡೆಯ ಎರೆ ಹೊಲದ ಊರು. ಅಲ್ಲಿ ದೊಡ್ಡ ಮನೆ ಅಂದರೆ ಒಂದೇ ಮನೆ. ಅವ್ವ ಆ ಮನೆಯ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿದು ಕುಳ್ಳು ತಟ್ಟುತ್ತಿದ್ದಳು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟಿದ್ದೆ; ಬಿಟ್ಟಾಗ ಮಾಸ್ತರರಿಗೂ ಬೇಸರವಾಗಲಿಲ್ಲ, ನನಗೂ ಆಗಲಿಲ್ಲ. ಅವ್ವನ ಸೆರಗು ಹಿಡಿದು ಆ ಮನೆಗೆ ಹೋಗುತ್ತಿದ್ದೆ. ಒಳಗೆ ಕಾಲಿಟ್ಟರೆ ಕತ್ತಲೆ, ತಂಪು, ಮೂಲೆಯಲ್ಲಿ ರಾಶಿ ಹಾಕಿದ ಶೇಂಗಾದ ವಾಸನೆ, ಅದರ ಮೇಲೆ ಬೆಲ್ಲದ ವಾಸನೆ, ಎಲ್ಲದರ ಹಿಂದೆ ಎತ್ತುಗಳ ಉಸಿರು. ಅಡಿಗೆಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು ರೊಟ್ಟಿ ಬಡಿಯುವ ಸಪ್ಪಳ ಹೊತ್ತು ಏರುವ ತನಕ ನಿಲ್ಲುತ್ತಿರಲಿಲ್ಲ. ಮನೆ ತುಂಬ ಜನ. ಗಂಡಸರು, ಸೊಸೆಯಂದಿರು, ಕೂಸುಗಳು, ಬಂದವರು, ಹೋಗುವವರು. ಅಷ್ಟು ಜನರ ನಡುವೆ ಗುರವ್ವ ಆಯಿ ಒಬ್ಬಳೇ ಇದ್ದಳು.

ಆಯಿ ಆ ಮನೆಯ ಯಜಮಾನನ ದೊಡ್ಡಪ್ಪನ ಹೆಂಡತಿ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವ ಕಡೆ ಇದೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಮನೆಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹಾಲು, ತುಪ್ಪ ಕೊಡುತ್ತಿದ್ದರು, ಎಣ್ಣೆ ಹಚ್ಚಿ ಎರೆಯುತ್ತಿದ್ದರು, ಪೂಜೆಗೆ ಪತ್ರಿ ತಂದಿಡುತ್ತಿದ್ದರು. ಗಂಗಾಳ ಮುಂದಿಟ್ಟು "ದೊಡ್ಡವ್ವ, ಊಟ ಇಟ್ಟೇನಿ" ಅಂದು ಹೋಗಿಬಿಡುತ್ತಿದ್ದರು, ಅಷ್ಟೇ. ಯಾರೂ ಕೂಡುತ್ತಿರಲಿಲ್ಲ. ಕೂಡಲು ಯಾರಿಗೂ ಪುರಸೊತ್ತಿರಲಿಲ್ಲ. ಆಯಿ ಹಿತ್ತಲದ ಕಟ್ಟೆಯ ಮೇಲೆ ಕೂತು, ಒಳಗೆ ನಡೆದಾಡುವವರ ಹೆಜ್ಜೆ ಕೇಳಿ ಇದು ಇಂಥವರು, ಅದು ಇಂಥವರು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಿತ್ತಲ ಆಯಿಯದೇ. ಕಣ್ಣಿದ್ದಾಗ ಅವಳೇ ಮಾಡಿದ್ದು. ಬಾವಿ, ಬಾವಿಯ ಪಕ್ಕ ಬಾಳೆ, ಗೋಡೆಗೆ ಮಲ್ಲಿಗೆ ಹಂಬು, ನಡುವೆ ಮಡಿಗಳಲ್ಲಿ ಮೆಂತ್ಯ, ಪುಂಡಿ, ಕಿರಕಸಾಲಿ ಸೊಪ್ಪು. ಕಣ್ಣು ಹೋದ ಮೇಲೆ ಹಿತ್ತಲ ಕಸ, ಅಂದರೆ ಕಳೆ ಹುಲ್ಲು, ತುಂಬಿ ಕೆಟ್ಟಿತ್ತು. ಅದಕ್ಕೆ ನನ್ನನ್ನು ಇಟ್ಟರು. ಮನೆಯ ಹಿರಿ ಸೊಸೆ ಶಾಂತವ್ವ ಅವ್ವನಿಗೆ ಸ್ಪಷ್ಟವಾಗಿ ಹೇಳಿದ್ದಳು: ಹಿತ್ತಲದಲ್ಲಿ ಕೆಲಸ ಇರುವ ತನಕ ಹುಡುಗಿ ಬರಲಿ, ಮಧ್ಯಾಹ್ನ ರೊಟ್ಟಿ ಪಲ್ಯ ಕೊಡುತ್ತೇವೆ, ಕಸ ತೀರಿದ ಮೇಲೆ ಬೇಡ. ಈ ಮಾತು ನಡೆದಾಗ ಆಯಿ ಕಟ್ಟೆಯ ಮೇಲೆಯೇ ಇದ್ದಳು. ಕೇಳಿಸಿಕೊಂಡಿದ್ದಳು.

ನಾನು ಮಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕುರ್ಪಿಯಿಂದ ಕಸ ತೆಗೆಯುವುದು, ಆಯಿ ಕಟ್ಟೆಯಿಂದ ಮಾತಾಡುವುದು. ಮನೆಯಲ್ಲಿ ಏನು ಪಲ್ಯ, ಯಾರ ಎಮ್ಮೆ ಈಯಿತು, ಯಾರ ಗೋಡೆ ಬಿತ್ತು, ಎಲ್ಲ ಬೇಕು ಅವಳಿಗೆ. ನಾನು ಇದ್ದದ್ದು ಇದ್ದಹಾಗೆ ಹೇಳುವವಳು, ಈಗಲೂ ಹಾಗೇ. ಒಮ್ಮೆ ಅವಳ ಹೊಸ ಸೀರೆ ಹೇಗಿದೆ ಎಂದು ಕೇಳಿದಾಗ, ಗೋಣಿಚೀಲದ ಹಾಗಿದೆ ಅಂದೆ. ಆಯಿ ಹಲ್ಲಿಲ್ಲದ ಬಾಯಿ ತೆರೆದು ಕೆಮ್ಮು ಬರುವ ತನಕ ನಕ್ಕಳು. ನನ್ನ ಹೆಸರು ಹಿಡಿದು, "ಯಲ್ಲಿ, ನಿನ್ನ ಬಾಯಿ ಒಂದ ಕುರ್ಪಿ ಐತಿ ನೋಡ. ಏನೂ ಉಳಸಂಗಿಲ್ಲ," ಅಂದಳು. ಊಟದ ಹೊತ್ತಿಗೆ ಅವಳ ಗಂಗಾಳದ ಎದುರು ನನ್ನನ್ನು ಕೂಡಿಸಿಕೊಂಡು, ನಾನು ಅಗಿಯುವ ಸಪ್ಪಳ ಕೇಳಿದ ಮೇಲೆ ತಾನು ತುತ್ತು ಎತ್ತುತ್ತಿದ್ದಳು. ನನ್ನ ರೊಟ್ಟಿ ತೀರಿದರೆ ಅವಳದರಲ್ಲಿ ಅರ್ಧ ಮುರಿದು ನನ್ನ ಕಡೆ ಚಾಚುತ್ತಿದ್ದಳು. ಕೈ ಎಷ್ಟೋ ಸಲ ತಪ್ಪಿ ನನ್ನ ಮುಖಕ್ಕೆ ತಗಲುತ್ತಿತ್ತು.

ಒಂದು ತಿಂಗಳಿಗೆ ಮುಗಿಯಬೇಕಾದ ಕಸ ಮೂರು ತಿಂಗಳಾದರೂ ಮುಗಿಯಲಿಲ್ಲ. ಸೋಮವಾರ ತೆಗೆದ ಮಡಿಯಲ್ಲಿ ಮತ್ತೊಂದು ಸೋಮವಾರ ಕರಿಕೆ ಕಣ್ಣು ಬಿಡುತ್ತಿತ್ತು. ಕರಿಕೆಯ ಜಾತಿಯೇ ಅಂಥದ್ದು, ಒಂದು ಗೆಣ್ಣು ಹಸಿ ಮಣ್ಣಿಗೆ ತಾಗಿದರೂ ಬೇರು ಬಿಡುತ್ತದೆ. ಅದಕ್ಕೇ ಕಿತ್ತದ್ದನ್ನೆಲ್ಲ ಆರಿಸಿ ಗೋಡೆಯ ಬುಡಕ್ಕೆ ಗುಂಪಿ ಹಾಕುತ್ತಿದ್ದೆ. ಆದರೂ ಬರುತ್ತಿತ್ತು. ಒಂದು ದಿನ ಸರಿಯಾಗಿ ನೋಡಿದೆ. ಕರಿಕೆ ಸಾಲು ಹಿಡಿದು ಬಂದಿತ್ತು. ನಾಲ್ಕು ಬೆರಳಿಗೆ ಒಂದು, ನಾಲ್ಕು ಬೆರಳಿಗೆ ಒಂದು, ನೂಲು ಹಿಡಿದ ಹಾಗೆ ನೆಟ್ಟಗೆ. ಕಸ ಎಲ್ಲಾದರೂ ಸಾಲು ಹಿಡಿದು ಹುಟ್ಟುತ್ತದೆಯೇ? ಅವತ್ತು ಮನೆಗೆ ಹೊರಟವಳು ತಲೆಯ ಸಿಂಬೆ ಮರೆತೆನೆಂದು ತಿರುಗಿ ಬಂದೆ. ಆಯಿ ಮೊಣಕಾಲೂರಿ ಮಡಿಯಲ್ಲಿ ಕೂತಿದ್ದಳು. ಮಡಿಲಲ್ಲಿ ನಾನು ಕಿತ್ತ ಕರಿಕೆ. ಉಗುರಿನಿಂದ ಗೆಣ್ಣು ಮುರಿದು, ನಾಲ್ಕು ಬೆರಳು ನೆಲಕ್ಕೆ ಇಟ್ಟು ಅಳೆದು, ತೂತು ಮಾಡಿ ಹಚ್ಚಿ, ಮೇಲೆ ಮಣ್ಣು ಒತ್ತುತ್ತಿದ್ದಳು. ಜನ್ಮವೆಲ್ಲ ಮೆಣಸಿನ ಸಸಿ, ಬಳ್ಳೊಳ್ಳಿ ಹಚ್ಚಿದ ಕೈ. ಕಸ ಹಚ್ಚುವಾಗಲೂ ಸಾಲು ತಪ್ಪಲು ಅದಕ್ಕೆ ಬರಲಿಲ್ಲ.

ನನಗೆ ಹತ್ತು ವರ್ಷ. ಮುದುಕಿಗೆ ಹುಚ್ಚು ಅಂದುಕೊಂಡು ಬಾಯಿ ಮುಚ್ಚಿ ನಕ್ಕು ಹೊರಟುಹೋದೆ. ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಎರಡು ದಿನದ ಮೇಲೆ ಶಾಂತವ್ವ ಹಿತ್ತಲಕ್ಕೆ ಬಂದು, ಕಸ ಹಾಗೇ ಇದ್ದದ್ದು ನೋಡಿ, ಕೂತು ತಿನ್ನುವ ಹುಡುಗಿ ಎಂದು ಅವ್ವನ ಎದುರೇ ನನ್ನನ್ನು ಬೈದಳು. ಅವ್ವ ತಲೆ ತಗ್ಗಿಸಿದಳು. ನನಗೆ ಅದು ತಡೆಯಲಾಗಲಿಲ್ಲ. ನನ್ನ ಕೆಲಸಕ್ಕೆ ಹೆಸರಿಡುವುದು ನನಗೆ ಆಗಲೂ ಸೇರುತ್ತಿರಲಿಲ್ಲ.

"ನಾ ತಗದದ್ದನ್ನ ಆಯಿನ ಮತ್ತ ಹಚ್ಚತಾರ್ರಿ ಅಕ್ಕಾರ," ಅಂದೆ. "ಬೇಕಾದ್ರ ನೋಡ್ರಿ, ಸಾಲ ಹಿಡದ ಬಂದೈತಿ."

ಶಾಂತವ್ವ ಬಗ್ಗಿ ನೋಡಿದಳು. ಅಡಿಗೆಮನೆಯಿಂದ ಉಳಿದ ಹೆಂಗಸರೂ ಬಂದು ನೋಡಿದರು, ನಕ್ಕರು. ಆಯಿ ಕಟ್ಟೆಯ ಮೇಲೆ ನಗು ಬಂದ ಕಡೆ ಮುಖ ಮಾಡಿ ಕೂತಿದ್ದಳು. ಸಂಜೆ ಮಾತು ಗಂಡಸರ ಕಿವಿಗೆ ಬಿತ್ತು. ಅವರು ನಗಲಿಲ್ಲ. ದೊಡ್ಡವ್ವನಿಗೆ ಬುದ್ಧಿ ತಿರುಗುತ್ತಿದೆ, ನಾಳೆ ಬಾವಿಗೆ ಬಿದ್ದರೆ ಊರಿಗೆ ಏನು ಹೇಳುವುದು, ಹಿತ್ತಲಕ್ಕೆ ಕಲ್ಲು ಹಾಸಿದರೆ ಕಾಳು ಒಣಗಿಸಲಿಕ್ಕಾದರೂ ಆಗುತ್ತದೆ ಎಂದು ತೀರ್ಮಾನಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಒಂದು ವಾರದಲ್ಲಿ ಹಾಸುವ ಪರಸಿ ಕಲ್ಲು ಹೇರಿದ ಚಕ್ಕಡಿಗಳು ಬಂದವು. ಬಾವಿಗೆ ಹಲಗೆ ಬಿತ್ತು, ಮಲ್ಲಿಗೆ ಹಂಬು ಗೋಡೆಯಿಂದ ಕಿತ್ತುಬಂತು.

ಕೊನೆಯ ದಿನ ಕುರ್ಪಿ ತಿರುಗಿ ಕೊಡಲು ಹೋದಾಗ ಆಯಿ ನನ್ನನ್ನು ಹತ್ತಿರ ಕರೆದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚಲೋ ಇತ್ತು. "ನಿನಗ ಹೆಂಗ ಗೊತ್ತಾತ?" ಎಂದು ಕೇಳಿದಳು. ಸಾಲು ನೋಡಿ ಅಂದೆ. ಆಯಿ ಬಹಳ ಹೊತ್ತು ತನ್ನ ಬೆರಳು ತಾನೇ ಸವರಿಕೊಂಡಳು.

"ಸಾಲ ಹಿಡದ ಹಚ್ಚಬಾರದಿತ್ತ ನಾ," ಅಂದಳು.

ಅಷ್ಟೇ. ಕಸ ಯಾಕೆ ಹಚ್ಚಿದಳೆಂದು ನನಗೆ ತಿಳಿದದ್ದು ಆಗ. ನಾನು ಬರುವ ಹಾದಿ ಅದೊಂದೇ ಇತ್ತು, ಅದನ್ನು ಅವಳು ನಾಲ್ಕು ನಾಲ್ಕು ಬೆರಳು ಅಳೆದು ಉದ್ದ ಮಾಡುತ್ತಿದ್ದಳು. ತಿಳಿದು ಏನು ಮಾಡಲಿ? ಆಡಿದ ಮಾತನ್ನು ಹೆಕ್ಕಿ ಗೋಡೆಯ ಬುಡಕ್ಕೆ ಗುಂಪಿ ಹಾಕಲಿಕ್ಕೆ ಬರುವುದಿಲ್ಲ. ನಾಳೆಯಿಂದ ಸುಮ್ಮನೆ ಕೂಡಲು ಬರುತ್ತೇನೆ ಅಂದೆ. ಮರುದಿನ ಹೋದೆ ಕೂಡ. ಬಾಗಿಲಲ್ಲೇ ಶಾಂತವ್ವ ಏನು ಕೆಲಸ ಎಂದು ಕೇಳಿದಳು. ಕೆಲಸ ಇರಲಿಲ್ಲ. ಸುಮ್ಮನೆ ಕೂಡುವುದು ಕೆಲಸ ಎಂದು ಹೇಳಲು ನನಗೂ ಬರಲಿಲ್ಲ, ಕೇಳಲು ಅವಳಿಗೂ ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಅವ್ವನಿಗೆ ಜ್ವರ ಬಂದು, ಅವಳ ಬದಲು ಸಗಣಿ ಬಳಿಯಲು ನಾನು ಹೋದೆ. ಹಿತ್ತಲದಲ್ಲಿ ಈ ತುದಿಯಿಂದ ಆ ತುದಿಗೆ ಕಲ್ಲು. ಕಲ್ಲಿನ ಮೇಲೆ ಜೋಳ ಹರವಿದ್ದರು. ಜೋಳದ ಆಚೆ, ನೆರಳಿನಲ್ಲಿ, ಆಯಿ ಕೂತಿದ್ದಳು. ಸೊರಗಿ ಅರ್ಧ ಆಗಿದ್ದಳು. ನನ್ನ ಹೆಜ್ಜೆಗೇ "ಯಲ್ಲಿ" ಅಂದಳು. ಬಲಗೈ ಬೆರಳಿನಿಂದ ಎರಡು ಕಲ್ಲುಗಳ ನಡುವಿನ ಸಂದಿಯನ್ನು ಸವರುತ್ತಲೇ ಇದ್ದಳು. "ನೋಡವಾ, ಕಸಾ ಏನರ ಬಂದೈತೇನ?" ಎಂದು ಕೇಳಿದಳು. ಬಂದಿತ್ತು. ಅವಳ ಕೈ ಹೋಗದ ಕಡೆ, ಒಂದು ಗೇಣು ದೂರದಲ್ಲಿ, ಸಂದಿಯಿಂದ ಒಂದು ಕರಿಕೆಯ ಮೊಳಕೆ ತಲೆ ಎತ್ತಿತ್ತು. ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. ಸಂದಿಯಲ್ಲಿ ಹಸಿರು ಕಂಡರೆ ಅವಳು ಕುದಿಯುವ ನೀರು ಸುರಿಯುತ್ತಾಳೆಂದು ಅವ್ವ ಹೇಳಿದ್ದಳು. "ಏನೂ ಬಂದಿಲ್ಲರಿ ಆಯಿ," ಎಂದು ಜೋರಾಗಿ ಹೇಳಿದೆ. ಹೇಳುತ್ತಲೇ ಅವಳ ಬೆರಳು ಹಿಡಿದು ಆ ಮೊಳಕೆಯ ಮೇಲೆ ಇಟ್ಟೆ. ಆಯಿ ಮೇಲಿನಿಂದ ಬುಡದ ತನಕ ಸವರಿದಳು. ಆಮೇಲೆ ಅಂಗೈಯನ್ನೇ ಅದರ ಮೇಲೆ ಮುಚ್ಚಿ, "ಬರಂಗಿಲ್ಲ ಬಿಡ ಇನ್ನ," ಎಂದು ಬಾಗಿಲಿಗೆ ಕೇಳುವ ಹಾಗೆ ಅಂದಳು. ನನ್ನನ್ನು ಒಳಗಿನಿಂದ ಕರೆದರು, ಹೋದೆ. ತಿರುಗಿ ನೋಡಿದಾಗ ಕೈ ಅಲ್ಲೇ ಇತ್ತು.

ಬೇಸಿಗೆ ಬರುವ ಮುಂಚೆ ಆಯಿ ತೀರಿಕೊಂಡಳು. ಅವರ ಹೊಲದಲ್ಲೇ ಗಂಡನ ಪಕ್ಕ ಸಮಾಧಿ ಮಾಡಿದರು. ದೊಡ್ಡವರ ಸಾಲಿನ ಹಿಂದೆ ನಿಂತ ನನಗೆ ಅವರ ಬೆನ್ನುಗಳಷ್ಟೇ ಕಂಡವು.

ಎರಡು ವರ್ಷದ ಹಿಂದೆ ಒಂದು ಮದುವೆಗೆಂದು ಊರಿಗೆ ಹೋದವಳು ಆ ಕಡೆ ನಡೆದೆ. ಮನೆ ಇಲ್ಲ. ಮೂರು ಪಾಲಾಗಿ, ಪಾಲಿನವರು ಒಬ್ಬೊಬ್ಬರು ಒಂದೊಂದು ಕಡೆ ಕಟ್ಟಿಸಿಕೊಂಡು, ಹಳೆಯ ಗೋಡೆಗಳನ್ನು ಕೆಡವಿದ್ದಾರೆ. ಹಿತ್ತಲದ ಪರಸಿ ಮಾತ್ರ ಹಾಗೇ ಇದೆ, ಅದರ ಮೇಲೆ ಯಾರದೋ ಟ್ರ್ಯಾಕ್ಟರಿನ ಟ್ರೇಲರ್ ನಿಂತಿತ್ತು. ಬಿಸಿನೀರು ಸುರಿಯುವವರು ಯಾರೂ ಉಳಿದಿಲ್ಲ. ಸಂದಿ ಸಂದಿಗುಂಟ ಕರಿಕೆ ಬಂದಿತ್ತು, ನೂಲು ಹಿಡಿದ ಹಾಗೆ, ನೆಟ್ಟಗೆ. ಅದರಲ್ಲಿ ವಿಶೇಷವೇನೂ ಇಲ್ಲ. ಸಂದಿ ನೆಟ್ಟಗಿದ್ದರೆ ಹುಲ್ಲೂ ನೆಟ್ಟಗೆ ಬರುತ್ತದೆ. ಕೂತು ಕೀಳಬೇಕು ಅನಿಸಿತು. ಮೊಣಕಾಲು ಮಡಚಲಿಲ್ಲ. ನಿಂತಲ್ಲೇ ಸಾಲು ನೋಡಿದೆ, ಈ ತುದಿಯಿಂದ ಆ ತುದಿಯ ತನಕ ನನಗೆ ಕೆಲಸ ಇತ್ತು.