ವಾರಕ್ಕೊಂದೇ ದಿನದ ಮಾತ್ರೆ

ಸವಾಯಿ ದ್ವೀಪದಲ್ಲಿ ಮಲಾಯೆಯಾಳಂತೆ ಚಾಪೆ ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಕೇದಗೆಯ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಅವಳು ಹೆಣೆದ ಚಾಪೆ ರೇಷ್ಮೆಯಂತೆ ಮಡಚಿಕೊಳ್ಳುತ್ತಿತ್ತು.

ನಲವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವಳ ಕೈಯಿಂದ ಕೋಕೋ ಬಟ್ಟಲು ಜಾರಿಬಿತ್ತು. ಎರಡೂ ಕೈಗಳ ಗೆಣ್ಣುಗಳು ಊದಿಕೊಂಡಿದ್ದವು. ಹೊತ್ತು ಮೇಲೇರುವವರೆಗೆ ಬೆರಳು ಮಡಚಲಾಗಲೇ ಇಲ್ಲ. ಅತ್ತೆ ಫಾಲೆಪಾ ಮನೆತನದಿಂದ ಬಂದ ವಿದ್ಯೆಯಂತೆ ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ನೀವಿದಳು. ಅಂಗಡಿಯಿಂದ ತಂದ ನೋವಿನ ಮಾತ್ರೆಯೂ ನಡೆಯಿತು. ನೋವು ಅಡಗುತ್ತಿತ್ತು, ಊತ ಇಳಿಯುತ್ತಿರಲಿಲ್ಲ. ಏಳು ತಿಂಗಳಾಗುವಷ್ಟರಲ್ಲಿ ಎಡಗೈ ಕಿರುಬೆರಳು ಸೊಟ್ಟಗಾಯಿತು.

ಆಕ್ಲೆಂಡಿನಲ್ಲಿದ್ದ ತಂಗಿ ಸಿಯೆನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು ತನ್ನ ಗುಟ್ಟನ್ನೂ ಹೊರಗಿಟ್ಟಳು. ಎರಡು ವರ್ಷದ ಹಿಂದೆ ತನಗೂ ಇದೇ ಸಂಧಿವಾತ ಬಂದದ್ದನ್ನು ಅಕ್ಕ ಹೆದರುತ್ತಾಳೆಂದು ಮುಚ್ಚಿಟ್ಟಿದ್ದಳು. ಅಲ್ಲಿನ ವೈದ್ಯರು ಆರೇ ವಾರದಲ್ಲಿ ಊತವನ್ನೇ ತಡೆಯುವ ಮಾತ್ರೆ ಶುರುಮಾಡಿದ್ದರು. ಅದು ಸಾಲದಾದಾಗ ಚುಚ್ಚುಮದ್ದನ್ನೂ ಸೇರಿಸಿದ್ದರು.

"ನೋವಿನ ಮಾತ್ರೆ ಅಂದ್ರೆ ಬೆಂಕಿ ಮೇಲೆ ಚಾಪೆ ಮುಚ್ಚಿದಂಗೆ ಕಣಕ್ಕಾ. ಒಳಗೆ ಕೀಲು ಸುಡ್ತಾನೇ ಇರುತ್ತೆ. ನಾಳೇನೇ ದೋಣಿ ಹತ್ತಿ ಆಪಿಯಾದ ದೊಡ್ಡಾಸ್ಪತ್ರೆಗೆ ಹೋಗು."

"ಚಾಪೆ ಅರ್ಧಕ್ಕೆ ನಿಂತಿದೆಯಲ್ಲೇ."

"ಕೈಯಿದ್ರೆ ತಾನೇ ಚಾಪೆ?"

ಮಲಾಯೆಯಾ ದೋಣಿ ಹತ್ತಿದಳು. ಆಪಿಯಾದ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಇದೂ ಅದೇ ಸಂಧಿವಾತ ಎಂದರು. ತಂಗಿಯ ಚುಚ್ಚುಮದ್ದು ಇಲ್ಲಿ ಸಿಗುವುದಿಲ್ಲ, ಆದರೆ ಅವಳು ಮೊದಲು ನುಂಗಿದ ಮಾತ್ರೆಯೇ ಇಲ್ಲೂ ಇದೆ ಎಂದರು.

"ವಾರಕ್ಕೆ ಒಂದೇ ದಿನ, ನೆನಪಿರ್ಲಿ. ದಿನಾ ನುಂಗಿದ್ರೆ ಜೀವಕ್ಕೇ ಕುತ್ತು. ರಕ್ತ ಪರೀಕ್ಷೆಗೆ ತಪ್ಪದೆ ಬರ್ಬೇಕು."

ಅವಳು ಸೋಮವಾರವನ್ನು ಆರಿಸಿಕೊಂಡಳು. ಪಪಾಯಿ ಬೀಜದಷ್ಟು ಪುಟ್ಟ ಮಾತ್ರೆಗಳು. ವಾರಗಳು ಉರುಳಿದರೂ ಏನೂ ಆಗಲಿಲ್ಲ. ಹನ್ನೊಂದನೆಯ ವಾರ, ಟಾರೋ ಗೆಡ್ಡೆಯ ಸಿಪ್ಪೆ ಹೆರೆಯುತ್ತಿದ್ದವಳು ನಡುವೆ ಥಟ್ಟನೆ ಕೈ ನಿಲ್ಲಿಸಿದಳು. ಚಾಕುವನ್ನು ಹಿಡಿದಿದ್ದದ್ದು ಪೂರ್ತಿ ಮಡಚಿದ ತನ್ನದೇ ಮುಷ್ಟಿ! ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು. ಇಷ್ಟು ದಿನ ಸದ್ದಿಲ್ಲದೆ ಮೈಯೊಳಗೆ ಸುತ್ತಾಡಿ, ಒಂದೊಂದೇ ಕೀಲನ್ನು ಹುಡುಕಿ ತಣಿಸಿದ್ದು ಆ ಬೀಜದಷ್ಟು ವಸ್ತುವೇ? ಫಾಲೆಪಾ ಬಂದು ಸೊಸೆಯ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ನಮ್ಮಜ್ಜಿ ಕಾಲದಿಂದ್ಲೂ ಕೈ ನೀವ್ತಾ ಬಂದಿದ್ದೀವಿ. ಇಂಥದ್ದು ನಾನು ಕಂಡಿಲ್ಲಮ್ಮ," ಎಂದಳು ಮೆಲ್ಲಗೆ.

ಕ್ರಿಸ್‌ಮಸ್ಸಿಗೆ ಊರಿಗೆ ಬಂದ ಸಿಯೆನಿ, ತಣ್ಣಗಿಡಬೇಕಾದ ತನ್ನ ಚುಚ್ಚುಮದ್ದನ್ನು ಐಸಿನ ಪೆಟ್ಟಿಗೆಯಲ್ಲಿ ತಂದಾಗ, ಮೀನು ತಂದೆಯೇನೇ ಎಂದು ಅಕ್ಕ ಕಾಡಿಸಿದಳು. ಮಲಾಯೆಯಾಳ ಕಿರುಬೆರಳು ಮಾತ್ರ ನೆಟ್ಟಗಾಗಲಿಲ್ಲ. ಮುಂದೊಂದು ದಿನ ಜೊತೆಗೆ ಹೆಣೆಯುತ್ತಿದ್ದ ಹುಡುಗಿಯೊಬ್ಬಳು ಬೆಳಿಗ್ಗೆ ಕೈ ಮಡಚೋಕಾಗಲ್ಲ ಎಂದಾಗ, ಮಲಾಯೆಯಾ ಹೆಣಿಗೆ ಅಲ್ಲೇ ಬಿಟ್ಟು ಅವಳನ್ನು ಆಪಿಯಾದ ದೋಣಿಗೆ ಕರೆದೊಯ್ದಳು.